ಕೆನೆಬಣ್ಣವೋ ಕಡುಹಸಿರೋ? ಒಂದು ಕೋಣೆಯ ಲೆಕ್ಕಾಚಾರ

ಕೆಳಗಿನ ಕೋಣೆಗೆ ಬಣ್ಣ ಹೊಡೆಸೋಣ ಅಂತ ನಮ್ಮ ಮನೆಯಲ್ಲಿ ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಯಾವ ಬಣ್ಣ ಅನ್ನುವುದಕ್ಕೆ ಎರಡು ತಿಂಗಳು ಹಿಡಿಯಿತು.

ಬೆಂಗಳೂರಿನ 30-40 ಸೈಟಿನಲ್ಲಿ ಕಟ್ಟಿದ ಹಳೇ ಮನೆ ನಮ್ಮದು. ಆ ಕೋಣೆ 12 ಅಡಿಗೆ 12 ಅಡಿ, ಎತ್ತರ 10 ಅಡಿ. ನೆಲ ರೆಡ್ ಆಕ್ಸೈಡ್. ಕಿಟಕಿ ಒಂದೇ, ಅದೂ ಉತ್ತರಕ್ಕೆ. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅಲ್ಲಿ ಪೇಪರ್ ಓದುತ್ತಾರೆ, ಆಮೇಲೆ ಒಂದು ಗಳಿಗೆ ಮಲಗುತ್ತಾರೆ. ರಾತ್ರಿ ಅದೇ ಕೋಣೆಯಲ್ಲಿ ಮಗಳು ಓದಿಕೊಳ್ಳುತ್ತಾಳೆ. ಅಪ್ಪನಿಗೆ ಕೆನೆಬಣ್ಣ ಬೇಕು. ಮಗಳಿಗೆ ಹಲಸಿನೆಲೆಯ ಹಾಗಿನ ಕಡುಹಸಿರು ಬೇಕು.

"ಮನೇನ ಗುಹೆ ಮಾಡ್ತೀಯೇನಮ್ಮಾ?" ಅಂತ ಅಪ್ಪ. "ತಾತಾ, ಕ್ರೀಮ್ ಹೊಡೆದ್ರೆ ಬ್ಯಾಂಕಿನ ಒಳಗೆ ಕೂತ ಹಾಗಿರುತ್ತೆ" ಅಂತ ಅವಳು. ನಡುವೆ ನಾನು, ಕೈಯಲ್ಲಿ ಶೇಡ್ ಕಾರ್ಡ್ ಹಿಡಿದುಕೊಂಡು.

ಯಾವುದು ಚೆನ್ನಾಗಿದೆ ಅಂತ ಕೇಳುತ್ತಾ ಹೋದರೆ ಈ ಜಗಳ ಮುಗಿಯುವುದಿಲ್ಲ. ಎರಡೂ ಚೆನ್ನಾಗಿಯೇ ಇವೆ. ಬೇರೆ ಎರಡು ಪ್ರಶ್ನೆ ಕೇಳಿಕೊಂಡಾಗ ನಮಗೆ ದಾರಿ ಕಂಡಿತು. ಆ ಕೋಣೆಯಲ್ಲಿ ಯಾರು ಯಾವ ಹೊತ್ತಿನಲ್ಲಿ ಕೂರುತ್ತಾರೆ? ಗೋಡೆ ಎಷ್ಟು ಸಮವಾಗಿದೆ?

ಬೆಳಕಿನ ಲೆಕ್ಕ

ಪೇಂಟ್ ಕಂಪನಿಗಳು ಒಂದೊಂದು ಶೇಡಿಗೂ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಡುತ್ತವೆ. ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಅನ್ನುವ ಲೆಕ್ಕ ಅದು. ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 100. ಕೆನೆಬಣ್ಣಗಳು ಸಾಮಾನ್ಯವಾಗಿ 75ರಿಂದ 85ರ ನಡುವೆ ಇರುತ್ತವೆ. ಹಲಸಿನೆಲೆಯಂಥ ಹಸಿರು 10ರ ಆಸುಪಾಸಿನಲ್ಲಿ.

ಅಂದರೆ ಎಂಟು ಪಟ್ಟು ಕತ್ತಲೆಯಾ? ಹಾಗೇನೂ ಇಲ್ಲ. ಸೀಲಿಂಗ್ ಬಿಳಿಯೇ ಇರುತ್ತದೆ, ನೆಲವೂ ಒಂದಿಷ್ಟು ಬೆಳಕು ವಾಪಸ್ ಕೊಡುತ್ತದೆ. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ನಾಲ್ಕು ಗೋಡೆ ಸೇರಿ 480 ಚದರ ಅಡಿ, ಸೀಲಿಂಗ್ 144, ನೆಲ 144. ಕೆನೆಬಣ್ಣದ ಕೋಣೆಯಲ್ಲಿ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುವಾಗ ಸರಾಸರಿ ನೂರಕ್ಕೆ 70 ಪಾಲು ಉಳಿಯುತ್ತದೆ. ನಾಲ್ಕೂ ಗೋಡೆ ಹಸಿರಾದರೆ 28 ಪಾಲು ಮಾತ್ರ. ಹೀಗೆ ಪುಟಿದು ಪುಟಿದು ಕೂಡಿಕೊಂಡ ಬೆಳಕನ್ನೆಲ್ಲ ಸೇರಿಸಿದರೆ, ಅದೇ ಟ್ಯೂಬ್‌ಲೈಟಿನಲ್ಲಿ ಕೆನೆಬಣ್ಣದ ಕೋಣೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಬೆಳಗುತ್ತದೆ. ಹಸಿರು ಕೋಣೆಯಲ್ಲಿ ಒಂದು ಲೈಟ್ ಇದ್ದ ಕಡೆ ಎರಡು, ಮೂರು ಲೈಟ್ ಬೇಕಾಗುತ್ತದೆ ಅನ್ನಿ.

ಒಂದೇ ಗೋಡೆಗೆ ಹಸಿರು ಹೊಡೆದು ಉಳಿದ ಮೂರನ್ನು ಕೆನೆಬಣ್ಣದಲ್ಲೇ ಬಿಟ್ಟರೆ? ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೆಳಕು ಹೋಗುತ್ತದೆ, ಅಷ್ಟೇ. ಈ ಅಂಕಿ ಮುಂದೆ ನಮ್ಮ ಮನೆಯಲ್ಲಿ ಬಹಳ ಕೆಲಸ ಮಾಡಿತು.

ಇಲ್ಲಿಗೆ ಕೆನೆಬಣ್ಣ ಗೆದ್ದ ಹಾಗೆ ಕಾಣುತ್ತದೆ. ಅಪ್ಪನ ವಯಸ್ಸಿನವರಿಗಂತೂ ಹೌದು. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಇಪ್ಪತ್ತರ ಹುಡುಗಿಗೆ ಸಾಕೆನಿಸುವ ಬೆಳಕು ಎಪ್ಪತ್ತರ ಅಜ್ಜನಿಗೆ ಸಾಕಾಗುವುದಿಲ್ಲ. ಮಧ್ಯಾಹ್ನ ಲೈಟ್ ಹಾಕದೆ ಕಿಟಕಿ ಬೆಳಕಿನಲ್ಲೇ ಪೇಪರ್ ಓದುವವರಿದ್ದರೆ ಗೋಡೆ ಬೆಳ್ಳಗಿರಲಿ.

ಆದರೆ ರಾತ್ರಿ ಕಥೆ ಬೇರೆ. ಟೇಬಲ್ ಲ್ಯಾಂಪಿನ ಬೆಳಕು ನೇರವಾಗಿ ಪುಸ್ತಕದ ಮೇಲೆ ಬೀಳುತ್ತದೆ. ಅದಕ್ಕೆ ಗೋಡೆಯ ಸಹಾಯ ಅಷ್ಟಾಗಿ ಬೇಡ. ಸುತ್ತ ಹಸಿರು ಇದ್ದರೆ ಗೋಡೆಗಳು ಹಿಂದೆ ಸರಿದ ಹಾಗಾಗಿ, ಬೆಳಕು ಬಿದ್ದ ಜಾಗ ಮಾತ್ರ ಎದ್ದು ಕಾಣುತ್ತದೆ. ಮಲಗುವ ಹೊತ್ತಿಗೆ ಕಣ್ಣಿಗೂ ಹಿತ. ಮಗಳ ವಾದವನ್ನು ನಾನು ಒಪ್ಪಿದ್ದು ರಾತ್ರಿ ಹತ್ತು ಗಂಟೆಗೆ, ಕೋಣೆಯಲ್ಲೇ ಕೂತು. ಅಪ್ಪನ ವಾದ ಒಪ್ಪಿದ್ದು ಮಾರನೇ ದಿನ ಮಧ್ಯಾಹ್ನ ಎರಡಕ್ಕೆ, ಅದೇ ಕುರ್ಚಿಯಲ್ಲಿ.

ಒಂದು ಸಣ್ಣ ವಿಷಯ ಹಸಿರಿನ ಪರವಾಗಿ. ಬಿಳಿ ಸ್ವಿಚ್ ಬೋರ್ಡು ಕೆನೆಗೋಡೆಯಲ್ಲಿ ಕರಗಿಹೋಗುತ್ತದೆ. ಮಬ್ಬುಗಣ್ಣಿನವರು ಗೋಡೆ ತಡವಬೇಕು. ಹಸಿರು ಗೋಡೆಯಲ್ಲಿ ಅದು ಬಾಗಿಲಿಂದಲೇ ಕಾಣುತ್ತದೆ.

ಕಿಟಕಿ ಯಾವ ಕಡೆಗಿದೆ?

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ, ಅಲ್ಲಿ ಬೆಳಕು ತಣ್ಣಗೆ ನೀಲಿಯಾಗಿರುತ್ತದೆ, ಕಡುಬಣ್ಣ ಬೇಡ ಎಂಬ ಸಲಹೆ ಸಿಗುತ್ತದೆ. ಅದು ಇಂಗ್ಲೆಂಡು, ಅಮೆರಿಕದವರಿಗೆ ಬರೆದ ಸಲಹೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಕಂಬ ನಿಲ್ಲಿಸಿ ತೋರಿಸುತ್ತಾರಲ್ಲ, ಅದೇ. ಆ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಹಾಗಾಗಿ ಉತ್ತರದ ಕಿಟಕಿಗೂ ಬೆಳಗ್ಗೆ, ಸಂಜೆ ಓರೆ ಬಿಸಿಲು ಸಿಗುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳಗಿನವರೆಗೂ ನುಗ್ಗುತ್ತದೆ. ಪಶ್ಚಿಮದ ಕಿಟಕಿ ಮಾತ್ರ ಎಲ್ಲ ಕಾಲದಲ್ಲೂ ಸಂಜೆ ಕಿತ್ತಳೆ ಬೆಳಕು ಸುರಿಯುತ್ತದೆ. ಆ ಬೆಳಕಿಗೆ ಕೆನೆಬಣ್ಣ ಅರಿಶಿನದಂತಾಗುತ್ತದೆ, ಹಸಿರು ಸ್ವಲ್ಪ ಕಂದಿದಂತಾಗುತ್ತದೆ.

ನಿಜ ಹೇಳಬೇಕೆಂದರೆ, ಸಿಟಿಯಲ್ಲಿ ದಿಕ್ಕಿಗಿಂತ ಜಾಸ್ತಿ ಆಟ ಆಡಿಸುವುದು ಪಕ್ಕದ ಮನೆ. ನಮ್ಮ ಕಿಟಕಿಗೂ ಪಕ್ಕದವರ ಗೋಡೆಗೂ ನಡುವೆ ಐದಡಿ ಜಾಗವಿದೆ. ಅವರು ಹೋದ ವರ್ಷ ಹೊರಗೋಡೆಗೆ ಕಿತ್ತಳೆ ಬಣ್ಣ ಹೊಡೆಸಿದರು. ಅಂದಿನಿಂದ ನಮ್ಮ ಕೋಣೆಗೆ ಬರುವ ಬೆಳಕೇ ಕಿತ್ತಳೆ. ಕೆನೆಬಣ್ಣದ ಸ್ಯಾಂಪಲ್ ಬಳಿದು ನೋಡಿದರೆ ಪೀಚ್ ಹಣ್ಣಿನ ಹಾಗೆ ಕಂಡಿತು. ಮಲೆನಾಡಿನ ಮನೆಯಾದರೆ ಇದೇ ಕೆಲಸವನ್ನು ಕಿಟಕಿ ಹೊರಗಿನ ಅಡಿಕೆ ತೋಟ ಮಾಡುತ್ತದೆ. ಬಿಳಿ ಗೋಡೆಗೂ ತೆಳು ಹಸಿರು ಛಾಯೆ.

ನೆಲವನ್ನೂ ಮರೆಯಬೇಡಿ. ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದ ಬೆಳಕು ಕೆಂಪಾಗಿ ಗೋಡೆಯ ಕೆಳಭಾಗಕ್ಕೆ ಏರುತ್ತದೆ. ಕೆನೆಗೋಡೆಯಲ್ಲಿ ಮೊಣಕಾಲು ಎತ್ತರದವರೆಗೆ ಗುಲಾಬಿ ಛಾಯೆ ಕಾಣುತ್ತದೆ. ಬೇಡ ಅನಿಸಿದರೆ ಹಳದಿ ಕಡಿಮೆ ಇರುವ, ಒಂದು ಚೂರು ಬೂದು ಬೆರೆತ ಕೆನೆಬಣ್ಣ ಆರಿಸಿ. ಹಸಿರಿಗೆ ಈ ತೊಂದರೆ ಇಲ್ಲ. ಅದು ತನ್ನ ಮೇಲೆ ಬಿದ್ದದ್ದನ್ನು ನುಂಗಿಕೊಂಡು ಸುಮ್ನೆ ಇರುತ್ತದೆ. ಮೇಲಾಗಿ ಕೆಂಪು ನೆಲ, ಹಸಿರು ಗೋಡೆ ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆ. ವೀಳ್ಯದೆಲೆ ಹಾಕಿದ ಬಾಯಿಯನ್ನು ನೋಡಿದರೆ ಗೊತ್ತಾಗುತ್ತದಲ್ಲ!

ಮುಸ್ಸಂಜೆಯಲ್ಲಿ ಒಂದು ಪ್ರಯೋಗ ಮಾಡಿ. ದಾಸವಾಳದ ಗಿಡದ ಮುಂದೆ ಹತ್ತು ನಿಮಿಷ ನಿಲ್ಲಿ. ಬೆಳಕು ಇಳಿದ ಹಾಗೆ ಕೆಂಪು ಹೂವು ಮೊದಲು ಕಪ್ಪಾಗುತ್ತದೆ, ಎಲೆ ಇನ್ನೂ ಕಾಣುತ್ತಿರುತ್ತದೆ. ಸುಮಾರು 200 ವರ್ಷಗಳ ಹಿಂದೆ ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗಮನಿಸಿ ಬರೆದರು. ಮಬ್ಬಿನಲ್ಲಿ ನಮ್ಮ ಕಣ್ಣು ಹಸಿರು, ನೀಲಿಯ ಕಡೆಗೆ ವಾಲುತ್ತದೆ. ಹಾಗಾಗಿ ಕಡುಬಣ್ಣವೇ ಬೇಕೆಂದರೆ ಮೆರೂನಿಗಿಂತ ಹಸಿರು ವಾಸಿ. ಸಂಜೆ ಏಳಕ್ಕೆ ಮೆರೂನ್ ಗೋಡೆ ಗೋಡೆಯಾಗಿ ಕಾಣುವುದಿಲ್ಲ, ತೂತಾಗಿ ಕಾಣುತ್ತದೆ.

ಇನ್ನು ಬಲ್ಬು. ಬೆಳಕು ಹಳದಿಯೋ ನೀಲಿಬಿಳಿಯೋ ಅನ್ನುವುದನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ. ನಮ್ಮ ಮನೆಗಳ ಬಿಳಿ ಎಲ್‌ಇಡಿ ಹೆಚ್ಚಾಗಿ 6500 ಕೆಲ್ವಿನ್. ಅದರಡಿ ಕೆನೆಬಣ್ಣ ಹಿಟ್ಟು ಮೆತ್ತಿದ ಹಾಗೆ ಸಪ್ಪೆಯಾಗುತ್ತದೆ, ಹಸಿರು ನೀಲಿಗೆ ಜಾರುತ್ತದೆ. 3000 ಕೆಲ್ವಿನ್ನಿನ ಹಳದಿ ಬಲ್ಬಿನಲ್ಲಿ ಕೆನೆಬಣ್ಣ ಬೆಣ್ಣೆಯಾಗುತ್ತದೆ, ಹಸಿರು ಬೆಚ್ಚಗಾಗುತ್ತದೆ. 4000 ಎರಡಕ್ಕೂ ಸರಿ. ಬಲ್ಬಿನ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ ಸಿಆರ್‌ಐ; ಡಬ್ಬಿಯ ಮೇಲೆ ಸಿಆರ್‌ಐ 90 ಅಂತ ಇದ್ದರೆ ಬೆಲೆ ಸ್ವಲ್ಪ ಜಾಸ್ತಿಯಾದರೂ ಅದನ್ನೇ ತನ್ನಿ. ಸಾವಿರಾರು ರೂಪಾಯಿ ಕೊಟ್ಟು ಆರಿಸಿದ ಬಣ್ಣವನ್ನು ಅಗ್ಗದ ಬಲ್ಬಿನಲ್ಲಿ ನೋಡಿ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ.

ಗೋಡೆಗೆ ಟಾರ್ಚ್ ಹಿಡಿಯಿರಿ

ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಅಂಟಿಸಿದ ಹಾಗೆ ಹಿಡಿದು ಓರೆಯಾಗಿ ಬೆಳಕು ಬಿಡಿ. ನಮ್ಮ ಗೋಡೆ ಹಗಲಿನಲ್ಲಿ ನಯವಾಗಿಯೇ ಇತ್ತು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಉಬ್ಬು ತಗ್ಗು, ಹಳೇ ಮೊಳೆಯ ಗುರುತು, ವೈರಿಂಗ್ ಮಾಡಿ ಮುಚ್ಚಿದ ಗೆರೆ, ಎಲ್ಲ ಎದ್ದು ಬಂದವು.

ಕೆನೆಬಣ್ಣ ಇಂಥ ತಪ್ಪುಗಳನ್ನು ಬಹಳಷ್ಟು ಕ್ಷಮಿಸುತ್ತದೆ. ಕಡುಹಸಿರು ಕ್ಷಮಿಸುವುದಿಲ್ಲ. ಅದರಲ್ಲೂ ಹೊಳಪಿರುವ ಫಿನಿಶ್ ತೆಗೆದುಕೊಂಡರೆ ಮುಗಿಯಿತು. ಕಿಟಕಿಯ ಬೆಳಕು ಗೋಡೆಯ ಮೇಲೆ ಅಲೆ ಅಲೆಯಾಗಿ ಹೊಳೆಯುತ್ತದೆ. ಹಸಿರಿಗೆ ಮ್ಯಾಟ್ ಫಿನಿಶ್ಶೇ ಬೇಕು, ಕೆಳಗೆ ಎರಡು ಕೋಟ್ ಪುಟ್ಟಿ ಬೇಕು, ಪುಟ್ಟಿಯನ್ನು ಎಮರಿ ಪೇಪರಿನಲ್ಲಿ ತಾಳ್ಮೆಯಿಂದ ಉಜ್ಜುವ ಪೇಂಟರ್ ಬೇಕು. ಮೂರನೆಯದು ಸಿಗುವುದು ಕಷ್ಟ.

ಕೊಳೆಯ ವಿಷಯಕ್ಕೆ ಬಂದರೆ, ಕಡುಬಣ್ಣ ಕೊಳೆ ಮುಚ್ಚಿಡುತ್ತದೆ ಅನ್ನುವುದು ಅರ್ಧ ಸತ್ಯ. ಚಾಪೆ ಹಾಸಿ ಗೋಡೆಗೆ ಒರಗುವವರ ತಲೆಯ ಎಣ್ಣೆ, ಸ್ವಿಚ್ಚಿನ ಸುತ್ತ ಕೈ ಗುರುತು, ದೇವರ ದೀಪದ ಮಸಿ, ಹೊಡೆದ ಸೊಳ್ಳೆಯ ರಕ್ತ: ಇವೆಲ್ಲ ಕೆನೆಗೋಡೆಯಲ್ಲಿ ಎದ್ದು ಕಾಣುತ್ತವೆ. ಹಸಿರಿನಲ್ಲಿ ಕಾಣುವುದು ಬೇರೆ. ಕುರ್ಚಿಯ ಬೆನ್ನು ತಾಗಿ ಗೀರು ಬಿದ್ದರೆ ಒಳಗಿನ ಬಿಳಿ ಪುಟ್ಟಿ ಹಲ್ಲು ಕಿರಿಯುತ್ತದೆ. ಮ್ಯಾಟ್ ಹಸಿರನ್ನು ಒದ್ದೆ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಕಲೆ ಹೋಗುತ್ತದೆ, ಉಜ್ಜಿದ ಜಾಗ ಮಾತ್ರ ಮಿರಮಿರ ಮಿಂಚುತ್ತಾ ಉಳಿಯುತ್ತದೆ. ಟಚಪ್ ಮಾಡಿದರೂ ಕೆನೆಬಣ್ಣದಲ್ಲಿ ಬೆರೆತುಹೋಗುತ್ತದೆ, ಹಸಿರಿನಲ್ಲಿ ತೇಪೆ ಹಾಕಿದ್ದು ಗೊತ್ತಾಗುತ್ತದೆ.

ತೇವದ ಗೋಡೆಯಾದರೆ ಕಡುಬಣ್ಣದ ಆಸೆ ಬಿಡಿ. ನೀರು ಕುಡಿದ ಗೋಡೆ ಒಣಗುವಾಗ ಬಿಳಿ ಉಪ್ಪು ಬಿಡುತ್ತದೆ. ಹಸಿರಿನ ಮೇಲೆ ಅದು ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ. ಕರಾವಳಿ, ಮಲೆನಾಡಿನ ಮಳೆ ಕಂಡ ಗೋಡೆಗಳಿಗೆ ಇದನ್ನು ಎರಡು ಸಲ ಹೇಳಬೇಕು. ಕೆನೆಗೋಡೆಯಲ್ಲಿ ತೇವದ ಕಲೆಯಾಗಲಿ, ಬೂಷ್ಟಾಗಲಿ, ಗೆದ್ದಲಿನ ದಾರಿಯಾಗಲಿ ಬೇಗ ಕಣ್ಣಿಗೆ ಬೀಳುತ್ತದೆ. ನೋಡಲು ಅಸಹ್ಯ, ಆದರೆ ಬೇಗ ಗೊತ್ತಾಗುವುದು ಒಳ್ಳೆಯದೇ.

ದುಡ್ಡು

ಅದೇ ಕಂಪನಿ, ಅದೇ ಹೆಸರಿನ ಡಬ್ಬಿ. ಆದರೂ ಹಸಿರಿಗೆ ಬೆಲೆ ಜಾಸ್ತಿ. ಅಂಗಡಿಯವರು ಮೋಸ ಮಾಡುತ್ತಿಲ್ಲ. ತಿಳಿಬಣ್ಣಗಳನ್ನು ಬಿಳಿ ಬೇಸಿನಲ್ಲಿ, ಅಂದರೆ ಕಲರ್ ಹಾಕುವ ಮುಂಚಿನ ಮೂಲ ಪೇಂಟಿನಲ್ಲಿ, ಬೆರೆಸುತ್ತಾರೆ. ಅದರಲ್ಲಿ ಟೈಟಾನಿಯಂ ಡಯಾಕ್ಸೈಡ್ ಎಂಬ ಬಿಳಿ ಪುಡಿ ಧಾರಾಳವಾಗಿರುತ್ತದೆ. ಹಳೇ ಗೋಡೆಯನ್ನು ಮುಚ್ಚುವ ಶಕ್ತಿ ಅದರದ್ದೇ. ಕಡುಬಣ್ಣಕ್ಕೆ ಆ ಬಿಳಿ ಇದ್ದರೆ ಬಣ್ಣ ತೆಳುವಾಗುತ್ತದೆ. ಹಾಗಾಗಿ ಅದು ಬಹಳ ಕಡಿಮೆ ಇರುವ ಬೇರೆ ಬೇಸು, ಮೇಲೆ ಮೆಷಿನ್ನಿಂದ ತುಂಬಾ ಕಲರ್. ಬೆಲೆ ಏರುವುದು ಆ ಕಲರಿನಿಂದ. ಮುಚ್ಚುವ ಶಕ್ತಿ ಎಷ್ಟೋ ಸಲ ಕಡಿಮೆ.

ಲೆಕ್ಕ ಹೀಗಿದೆ. ಬಾಗಿಲು ಕಿಟಕಿ ಬಿಟ್ಟು ನಮ್ಮ ಗೋಡೆ ಸುಮಾರು 420 ಚದರ ಅಡಿ. ಒಳ್ಳೆಯ ಎಮಲ್ಶನ್ ಒಂದು ಲೀಟರಿಗೆ ಎರಡು ಕೋಟ್ ಸೇರಿ ಹತ್ತಿರಹತ್ತಿರ 110ರಿಂದ 130 ಚದರ ಅಡಿ ಬರುತ್ತದೆ. ಕೆನೆಬಣ್ಣ 4 ಲೀಟರಿನಲ್ಲಿ ಮುಗಿಯುತ್ತದೆ. ಹಸಿರಿಗೆ ಮೂರನೇ ಕೋಟ್ ಹಿಡಿದು 5ರಿಂದ 6 ಲೀಟರ್ ಇಟ್ಟುಕೊಳ್ಳಿ, ಕೂಲಿಯೂ ಅದಕ್ಕೆ ತಕ್ಕಂತೆ. ಪ್ರೈಮರಿಗೆ ಸ್ವಲ್ಪ ಬೂದು ಬಣ್ಣ ಬೆರೆಸಿ ಹೊಡೆದರೆ ಒಂದು ಕೋಟ್ ಉಳಿಯಬಹುದು. ಇದನ್ನು ಪೇಂಟರಿಗೆ ನೀವೇ ಹೇಳಬೇಕು.

ಮನಸ್ಸು ಬದಲಾದರೆ? ಕೆನೆಯಿಂದ ಹಸಿರಿಗೆ ಹೋಗುವುದು ಸುಲಭ. ಹಸಿರಿನಿಂದ ಕೆನೆಗೆ ವಾಪಸ್ ಬರಲು ಮತ್ತೆ ಪ್ರೈಮರ್, ಎರಡೋ ಮೂರೋ ಕೋಟ್. ಹಾಗಾಗಿ ಡೌಟ್ ಇದ್ದವರು ಕೆನೆಯಿಂದ ಶುರು ಮಾಡಿ. ಬಾಡಿಗೆ ಮನೆಯವರಂತೂ ಹಸಿರಿನ ಸುದ್ದಿಗೇ ಹೋಗಬೇಡಿ. ಬೆಂಗಳೂರಿನಲ್ಲಿ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಗೊತ್ತೇ ಇದೆ. ಹಸಿರು ಗೋಡೆ ಕಂಡರೆ ಓನರ್ ಒಂದಕ್ಕೇ ನಿಲ್ಲಿಸುತ್ತಾರಾ?

ಬಳಿದು ನೋಡುವುದು ಹೇಗೆ

ಅಂಗೈ ಅಗಲದ ಶೇಡ್ ಕಾರ್ಡ್ ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ಕಾರ್ಡಿನಲ್ಲಿ ಗಿಣ್ಣಿನ ಬಣ್ಣ ಅನಿಸಿದ್ದು ಗೋಡೆಗೆ ಬಂದಾಗ ಹಳದಿ ಕಾಮಾಲೆಯಾಗಿತ್ತು. ಕಾರಣ ಸರಳ. ನಾಲ್ಕು ಗೋಡೆಯ ಕೆನೆಬಣ್ಣ ಒಂದರ ಮೇಲೊಂದು ಪುಟಿದು ಹಳದಿ ಗಟ್ಟಿಯಾಗುತ್ತದೆ. ಕೆನೆ ಆರಿಸುವಾಗ ಮನಸ್ಸಿಗೆ ಬಂದದ್ದಕ್ಕಿಂತ ಶೇಡ್ ಕಾರ್ಡಿನಲ್ಲಿ ಒಂದು ಮನೆಯಷ್ಟು ತಿಳಿಯಾದ ಬಣ್ಣವನ್ನು ತೆಗೆದುಕೊಳ್ಳಿ. ಹಸಿರಿನಲ್ಲಿ ಇನ್ನೊಂದು ಪಾಡು: ಮೂಲೆಗಳು ಕಪ್ಪೇ ಆಗಿಬಿಡುತ್ತವೆ.

ಚಿಕ್ಕ ಡಬ್ಬಿ ತಂದು ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಬಳಿಯಿರಿ. ಸೀದಾ ಹಳೇ ಗೋಡೆಗೆ ಬೇಡ. ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ನೀಲಿ ಗೋಡೆಯ ನಡುವಿನ ಕೆನೆಬಣ್ಣ ಇರುವುದಕ್ಕಿಂತ ಹಳದಿಯಾಗಿ ಕಾಣುತ್ತದೆ. ಶೀಟು ಪೂರ್ತಿ ಒಣಗಲಿ, ಎಮಲ್ಶನ್ ಹಸಿಯಲ್ಲಿ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಆಮೇಲೆ ಶೀಟನ್ನು ಒಂದೊಂದು ಗೋಡೆಗೂ ಅಂಟಿಸಿ, ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಮಲಗುವ ಮುಂಚೆ ನೋಡಿ. ಪಕ್ಕದಲ್ಲಿ ಕರ್ಟನ್ ಬಟ್ಟೆಯೋ ಮಂಚದ ಮರದ ತುಂಡೋ ಇರಲಿ.

ಕಡುಬಣ್ಣದಿಂದ ಕೋಣೆ ಚಿಕ್ಕದಾಗುತ್ತದೆ ಅನ್ನುವ ಮಾತಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ಹಸಿರಿನಲ್ಲಿ ಮೂಲೆಯ ಗೆರೆಗಳು ಅಳಿಸಿಹೋಗುವುದರಿಂದ ಗೋಡೆ ಎಲ್ಲಿ ಮುಗಿಯಿತು ಅಂತ ತಿಳಿಯುವುದೇ ಇಲ್ಲ. ಆದರೆ ಸೀಲಿಂಗ್ ಕೆಳಗಿದ್ದರೆ, ಫಾಲ್ಸ್ ಸೀಲಿಂಗ್ ಹಾಕಿ ಎಂಟೂವರೆ ಅಡಿಗೆ ಇಳಿಸಿದ್ದರೆ, ಮೇಲಿನ ಬಿಳಿಗೂ ಗೋಡೆಯ ಹಸಿರಿಗೂ ನಡುವಿನ ಗೆರೆ ತಲೆಯ ಮೇಲೇ ಕೂತ ಹಾಗಾಗುತ್ತದೆ. ಕಡುಬಣ್ಣದಿಂದ ಸೆಕೆ ಜಾಸ್ತಿ ಅನ್ನುವುದು ಹೊರಗೋಡೆ, ತಾರಸಿಗೆ ನಿಜ. ಬಿಸಿಲೇ ಬೀಳದ ಒಳಗೋಡೆಗೆ ಅದು ಲೆಕ್ಕಕ್ಕಿಲ್ಲ. ವಾಸ್ತು ನೋಡುವವರು ಮೊದಲೇ ಕೇಳಿಕೊಂಡುಬಿಡಿ, ಮೂರನೇ ಕೋಟ್ ಆದ ಮೇಲೆ ಕೇಳಬೇಡಿ.

ಎರಡೂ ಬೇಕು ಅನ್ನುವವರಿಗೆ ನಮ್ಮ ಹಿರಿಯರ ದಾರಿಯೊಂದಿದೆ. ಹಳ್ಳಿ ಮನೆಗಳಲ್ಲಿ ಗೋಡೆಗೆ ಸುಣ್ಣ, ಕೆಳಗೆ ಎರಡು ಮೂರು ಅಡಿ ಕೆಮ್ಮಣ್ಣಿನ ಪಟ್ಟಿ. ನೀರಿನ ಸಿಡಿತ, ಕಾಲಿನ ಮಣ್ಣು, ಒರಗಿದ ಬೆನ್ನು, ಎಲ್ಲ ತಾಗುವುದು ಆ ಪಟ್ಟಿಗೇ. ಉತ್ತರ ಕನ್ನಡ, ಗೋವಾ ಕಡೆಯ ದೇವಸ್ಥಾನಗಳ ಕಾವಿ ಕಲೆಯೂ ಸುಣ್ಣದ ಬಿಳಿ ಮತ್ತು ಕೆಮ್ಮಣ್ಣಿನ ಕೆಂಪು ಎರಡರಲ್ಲೇ ಮುಗಿಯುತ್ತದೆ. ಕೆಳಗೆ ಮೂರೂವರೆ ಅಡಿ ಹಸಿರು, ಮೇಲೆ ಕೆನೆ ಅಂತ ನಾನು ಹೇಳಿ ನೋಡಿದೆ. "ಸರ್ಕಾರಿ ಆಸ್ಪತ್ರೆ!" ಅಂತ ತಾತ ಮೊಮ್ಮಗಳು ಒಂದೇ ಬಾಯಲ್ಲಿ ಅಂದರು. ಎರಡು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ.

ಕೊನೆಗೆ ಮೂರು ಗೋಡೆ ಕೆನೆ, ಒಂದು ಗೋಡೆ ಹಸಿರು. ಯಾವ ಗೋಡೆ ಅನ್ನುವುದರಲ್ಲಿ ಎಚ್ಚರ ಬೇಕು. ಕಿಟಕಿ ಇರುವ ಗೋಡೆಗೆ ಕಡುಬಣ್ಣ ಹೊಡೆಯಬಾರದು. ಕಿಟಕಿಯ ಪ್ರಖರತೆಯ ಪಕ್ಕ ಅದು ಕಪ್ಪು ಚೌಕಟ್ಟಾಗಿ ಕಣ್ಣು ಕುಕ್ಕುತ್ತದೆ. ಮಂಚದ ತಲೆಯ ಹಿಂದೆ ಹೊಡೆಸಿದರೆ ಮಲಗಿದವರಿಗೆ ಕಾಣುವುದಿಲ್ಲ, ದುಡ್ಡು ದಂಡ. ಕಿಟಕಿಗೆ ಎದುರಿನ ಗೋಡೆಗೆ ಹೊಡೆಸಿದೆವು. ಕೋಣೆಯಲ್ಲಿ ಜಾಸ್ತಿ ಬೆಳಕು ಬೀಳುವುದು ಅದಕ್ಕೇ, ಹಾಗಾಗಿ ಹಸಿರು ಹಸಿರಾಗಿಯೇ ಕಾಣುತ್ತದೆ. ಮಗಳ ಟೇಬಲ್ ಅದಕ್ಕೆ ಮುಖ ಮಾಡಿದೆ. ಅಪ್ಪನ ಕುರ್ಚಿ ಕಿಟಕಿ ಪಕ್ಕ, ಅವರ ಎಡಬಲ ಎರಡೂ ಕೆನೆ. ಹಸಿರು ಗೋಡೆಗೆ ಮಾತ್ರ ಪುಟ್ಟಿಗೆ ಎರಡು ದಿನ ಕೂಲಿ ಹೆಚ್ಚು ಕೊಟ್ಟೆ. ಪೇಂಟರ್ ಮೊದಲು ಗೊಣಗಿ, ಆಮೇಲೆ ತಾವೇ ಟಾರ್ಚ್ ಹಿಡಿದು ನೋಡತೊಡಗಿದರು.

ಹಸಿರು ಅರ್ಧ ಲೀಟರ್ ಉಳಿದಿದೆ. ಶೇಡ್ ನಂಬರ್, ತಾರೀಖು, ಬೇಸಿನ ಹೆಸರು ಮಾರ್ಕರಿನಲ್ಲಿ ಡಬ್ಬಿಯ ಮೇಲೆ ಬರೆದಿದ್ದೇನೆ, ಟಚಪ್ಪಿಗೆ ಬೇಕಾಗುತ್ತದೆ. ಮಗಳು ಈಗ ಬೀರುವಿನ ಬಾಗಿಲನ್ನು ಒಂಥರಾ ನೋಡಲು ಶುರು ಮಾಡಿದ್ದಾಳೆ. ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಏಣಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ.